ತಾಂಬರಂ ಸಮ್ಮೇಳನದ ಪ್ರಶ್ನೆ ಮತ್ತು ಸ್ಟ್ಯಾನ್ಲಿ ಸಮರ್ಥರ ಸಂವಾದ ದೈವಶಾಸ್ತ್ರ

1938ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಅಂದಿನ ಮದರಾಸು, ಇಂದಿನ ಚೆನ್ನೈ ನಗರದ ದಕ್ಷಿಣಕ್ಕಿರುವ ತಾಂಬರಂನಲ್ಲಿ ಅಂತರರಾಷ್ಟ್ರೀಯ ಮಿಷನರಿ ಮಂಡಳಿಯ ಮಹಾಸಮ್ಮೇಳನವು ಜರುಗಿತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ನಗರಮಧ್ಯದಿಂದ ಅಲ್ಲಿನ ಹೊಸ ಆವರಣಕ್ಕೆ ಸ್ಥಳಾಂತರಗೊಂಡು ಹೆಚ್ಚು ಕಾಲವಾಗಿರಲಿಲ್ಲ. 470ಕ್ಕೂ ಮಿಕ್ಕ ಪ್ರತಿನಿಧಿಗಳು ಆ ಆವರಣದಲ್ಲಿ ಸೇರಿದ್ದರು. ಇತರ ಧರ್ಮಗಳ ವಿಷಯದಲ್ಲಿ ಕ್ರೈಸ್ತಧರ್ಮದ ನಿಲುವು ಯಾವುದಾಗಿರಬೇಕು ಎಂಬ ಪ್ರಶ್ನೆ ಅಲ್ಲಿ ತೀವ್ರ ಚರ್ಚೆಗೆ ಒಳಗಾಯಿತು. ಸರಿಯಾಗಿ ಐವತ್ತನೆಯ ವರ್ಷದಲ್ಲಿ, 1988ರ ಜನವರಿಯಲ್ಲಿ, ಅದೇ ಆವರಣದಲ್ಲಿ ಅದೇ ಪ್ರಶ್ನೆಯನ್ನು ಪುನಃ ವಿಚಾರಿಸಲಾಯಿತು. ಈ ಎರಡನೆಯ ಸಭೆಯಲ್ಲಿ ಹಳೆಯ ಪ್ರಶ್ನೆಯನ್ನು ಕೇಳುವ ಕ್ರಮವನ್ನೇ ಬದಲಿಸಬೇಕೆಂದು ವಾದಿಸಿದವರಲ್ಲಿ ಪ್ರಮುಖರು ಕಾರ್ಕಳದಲ್ಲಿ ಜನಿಸಿದ ಸ್ಟ್ಯಾನ್ಲಿ ಜೆ. ಸಮರ್ಥರು.

ಕನ್ನಡ ಸಂಶೋಧನೆಯು ಬಾಸೆಲ್ ಮಿಷನ್ನಿನ ವಿಷಯದಲ್ಲಿ ಹೆಚ್ಚಾಗಿ ಗಮನಿಸಿರುವುದು ಮೋಗ್ಲಿಂಗ್, ಕಿಟೆಲ್ ಮೊದಲಾದ ಜರ್ಮನ್ ವಿದ್ವಾಂಸರ ಕಾರ್ಯವನ್ನು. 1843ರ 'ಮಂಗಳೂರ ಸಮಾಚಾರ', 1894ರ ಕನ್ನಡ-ಇಂಗ್ಲಿಷ್ ನಿಘಂಟು ಇವು ಸಹಜವಾಗಿಯೇ ಪ್ರಸಿದ್ಧವಾಗಿವೆ. ಅದೇ ಮಿಷನ್ನಿನ ಪರಿಸರದಲ್ಲಿ ಬೆಳೆದ ಕನ್ನಡನಾಡಿನ ಕ್ರೈಸ್ತ ಚಿಂತಕರ ಕಡೆಗೆ ಅಷ್ಟು ಗಮನ ಹರಿದಿಲ್ಲ. ಸಮರ್ಥರ ಜೀವನ ಮತ್ತು ಚಿಂತನೆಯನ್ನು ತಾಂಬರಂನ ಈ ಎರಡು ಸಭೆಗಳ ನಡುವೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಮದರಾಸಿನಲ್ಲಿ ಎದ್ದ ವಾದ

1938ರ ಸಮ್ಮೇಳನಕ್ಕೆ ಪೂರ್ವಸಿದ್ಧತೆಯಾಗಿ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ 'ದಿ ಕ್ರಿಶ್ಚಿಯನ್ ಮೆಸೇಜ್ ಇನ್ ಎ ನಾನ್-ಕ್ರಿಶ್ಚಿಯನ್ ವರ್ಲ್ಡ್' ಎಂಬ ಗ್ರಂಥವನ್ನು ರಚಿಸಿದ್ದರು. ಕ್ರಿಸ್ತನಲ್ಲಿ ದೇವರು ತನ್ನನ್ನು ಪ್ರಕಟಪಡಿಸಿಕೊಂಡಿರುವುದು ಅನನ್ಯ. ಮಾನವಧರ್ಮಗಳು ಎಷ್ಟೇ ಉನ್ನತವಾಗಿದ್ದರೂ ಅವುಗಳಿಂದ ಆ ಪ್ರಕಟನೆಗೆ ನೇರವಾದ ಸೋಪಾನವಿಲ್ಲ ಎಂಬುದು ಅವರ ಪ್ರತಿಪಾದನೆಯ ಸಾರ. ಇದರ ಹಿಂದೆ ಸ್ವಿಸ್ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್‌ರ ಪ್ರಭಾವವಿತ್ತು.

ಇದಕ್ಕೆ ಮದರಾಸಿನಿಂದಲೇ ಎರಡು ಬಗೆಯ ಪ್ರತಿಕ್ರಿಯೆಗಳು ಬಂದವು. ಕ್ರಿಶ್ಚಿಯನ್ ಕಾಲೇಜಿನಲ್ಲಿ ದೀರ್ಘಕಾಲ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಎ. ಜಿ. ಹಾಗ್, ಧರ್ಮಗಳನ್ನೂ ಆ ಧರ್ಮಗಳಲ್ಲಿ ಬಾಳುವ ಜೀವಂತ ಶ್ರದ್ಧೆಯನ್ನೂ ಬೇರ್ಪಡಿಸಿ ನೋಡಬೇಕೆಂದರು. ಕ್ರೈಸ್ತನಲ್ಲದವನ ಶ್ರದ್ಧೆಗೂ ದೇವರು ಓಗೊಡುತ್ತಾನೆ ಎಂಬುದು ಅವರ ಅನುಭವಸಿದ್ಧ ನಿಲುವಾಗಿತ್ತು. ಎರಡನೆಯದು ಭಾರತೀಯ ಕ್ರೈಸ್ತರದು. ನ್ಯಾಯಾಧೀಶರಾಗಿದ್ದ ಪಿ. ಚೆಂಚಯ್ಯ, ವಕೀಲರೂ ಕಾರ್ಮಿಕ ನಾಯಕರೂ ಮುಂದೆ ಮದರಾಸಿನ ಮೇಯರರೂ ಆದ ವಿ. ಚಕ್ಕರೈ ಮತ್ತು ಅವರ ಸಂಗಾತಿಗಳು 'ರೀಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ' ಎಂಬ ಪ್ರಬಂಧಸಂಕಲನವನ್ನು ಅದೇ ವರ್ಷ ಮದರಾಸಿನಲ್ಲಿ ಪ್ರಕಟಿಸಿದರು. ಚೆಂಚಯ್ಯನವರು ಕ್ರೇಮರರ ಗ್ರಂಥವನ್ನು ಅದರಲ್ಲಿ ವಿಸ್ತಾರವಾಗಿ ವಿಮರ್ಶಿಸಿದ್ದಾರೆ. ಹಿಂದೂ ಪರಂಪರೆಯು ತಮ್ಮ ಪಾಲಿಗೆ ಹೊರಗಿನ ಅಧ್ಯಯನವಸ್ತುವಲ್ಲ, ತಾವು ಹುಟ್ಟಿ ಬಂದ ಮನೆ ಎಂಬ ಅರಿವು ಈ ಗುಂಪಿನ ವಾದಗಳ ಬುನಾದಿ. ಇವರು ವೃತ್ತಿಪರ ಪಾದ್ರಿಗಳಾಗಿರಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಈ ವಾದಕ್ಕೆ ಮದರಾಸಿನಲ್ಲಿ ಇನ್ನೂ ಹಿಂದಿನ ಒಂದು ಪೀಠಿಕೆಯಿದೆ. ಸರ್ವೇಪಲ್ಲಿ ರಾಧಾಕೃಷ್ಣನ್ ಇದೇ ಕಾಲೇಜಿನಲ್ಲಿ ಹಾಗ್‌ರ ಶಿಷ್ಯರಾಗಿದ್ದರು. ಮಿಷನರಿಗಳು ಹಿಂದೂ ಚಿಂತನೆಯ ಮೇಲೆ ಮಾಡಿದ ಟೀಕೆಯೇ ತಮ್ಮನ್ನು ವೇದಾಂತದ ಗಂಭೀರ ಅಧ್ಯಯನಕ್ಕೆ ಹಚ್ಚಿತೆಂದು ಅವರು ನೆನೆದಿದ್ದಾರೆ. ಮುಂದೆ ಸಮರ್ಥರು ಆಳವಾಗಿ ಅಭ್ಯಸಿಸಿದ ಹಿಂದೂ ಚಿಂತಕರಲ್ಲಿ ರಾಧಾಕೃಷ್ಣನ್ನರೂ ಒಬ್ಬರಾಗಿರುವುದು ಅರ್ಥಪೂರ್ಣ.

2. ಕಾರ್ಕಳದಿಂದ ಜಿನೀವಾಕ್ಕೆ

ಸಮರ್ಥರು ಜನಿಸಿದ್ದು 1920ರ ಅಕ್ಟೋಬರ್ 7ರಂದು. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಜಿಲ್ಲೆ. 1956ರವರೆಗೂ ಆ ಸಂಬಂಧ ಮುಂದುವರಿಯಿತು. ತಂದೆ ಬಾಸೆಲ್ ಮಿಷನ್ ಪರಂಪರೆಯ ಸಭಾಪಾಲಕರು. ಕಾರ್ಕಳವಾದರೋ 1432ರಲ್ಲಿ ಪ್ರತಿಷ್ಠಾಪಿತನಾದ ಗೊಮ್ಮಟನ ಊರು. ಜೈನ ಬಸದಿಗಳು, ವೈಷ್ಣವ ದೇವಾಲಯಗಳು, ಭೂತಸ್ಥಾನಗಳು, ಮಸೀದಿ, ಇಗರ್ಜಿಗಳು ಹತ್ತಿರ ಹತ್ತಿರದಲ್ಲಿರುವ ಪ್ರದೇಶ. ಅಲ್ಲಿ ಬೆಳೆಯುವ ಪ್ರಾಟೆಸ್ಟಂಟ್ ಬಾಲಕನಿಗೆ ಅನ್ಯಧರ್ಮವೆಂಬುದು ಗ್ರಂಥಗಳಲ್ಲಿ ಓದಿ ತಿಳಿಯುವ ವಿಷಯವಾಗಿರದೆ ನೆರೆಮನೆಯವರ ಬಾಳುವೆಯಾಗಿರುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪದವಿ ಶಿಕ್ಷಣ ಮುಗಿಸಿದ ಸಮರ್ಥರು ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜನ್ನು ಸೇರಿದರು. ಅಲ್ಲಿ ಅವರಿಗೆ ದೊರೆತ ಗುರುಗಳು ಪಾಲ್ ಡೇವಿಡ್ ದೇವನಂದನ್. 1901ರಲ್ಲಿ ಮದರಾಸಿನಲ್ಲಿ ಜನಿಸಿದ ದೇವನಂದನ್ನರು ಮಾಯಾತತ್ತ್ವವನ್ನು ಕುರಿತು ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದವರು. 1957ರಿಂದ 1962ರಲ್ಲಿ ನಿಧನರಾಗುವವರೆಗೆ ಬೆಂಗಳೂರಿನ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ನಡೆಸಿದವರು. ಸ್ವತಂತ್ರ ಭಾರತದಲ್ಲಿ ಹಿಂದೂಗಳೂ ಕ್ರೈಸ್ತರೂ ರಾಷ್ಟ್ರನಿರ್ಮಾಣವೆಂಬ ಸಮಾನ ಕಾರ್ಯದಲ್ಲಿ ಸಂಧಿಸಬೇಕೆಂಬ ಅವರ ವಿಚಾರವು ಶಿಷ್ಯನಲ್ಲಿ ಬೇರೂರಿತು.

1949ರಲ್ಲಿ ಸಮರ್ಥರು ಉನ್ನತ ವ್ಯಾಸಂಗಕ್ಕೆಂದು ಅಮೆರಿಕೆಗೆ ತೆರಳಿದರು. ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಪಾಲ್ ಟಿಲಿಖ್‌ರ ಬಳಿ ಅಧ್ಯಯನ ಮಾಡಿ, ಹಾರ್ಟ್‌ಫರ್ಡಿನಲ್ಲಿ ಆಧುನಿಕ ಹಿಂದೂ ಚಿಂತನೆಯ ಇತಿಹಾಸದೃಷ್ಟಿಯನ್ನು ಕುರಿತು ಡಾಕ್ಟರೇಟ್ ಪಡೆದರು. ಅನಂತರ ಬಾಸೆಲಿನಲ್ಲಿ ಬಾರ್ತ್‌ರ ಉಪನ್ಯಾಸಗಳನ್ನು ಕೇಳಿದರು. ಕ್ರೇಮರರ ಚಿಂತನೆಯ ಮೂಲಸ್ರೋತವನ್ನು ಅವರು ಹೀಗೆ ಹತ್ತಿರದಿಂದ ಅರಿತರು. 1952ರಲ್ಲಿ ಮಂಗಳೂರು ಬಲ್ಮಠದ ಸೆಮಿನರಿಗೆ, ಎಂದರೆ ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ, ಪ್ರಾಂಶುಪಾಲರಾದರು. ಬಳಿಕ ಬೆಂಗಳೂರಿನಲ್ಲಿ ಪ್ರಾಧ್ಯಾಪಕರಾಗಿಯೂ ಸೆರಾಂಪುರ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿಯೂ ಸೇವೆ ಸಲ್ಲಿಸಿ, 1968ರಲ್ಲಿ ಜಿನೀವಾದ ಜಾಗತಿಕ ಕ್ರೈಸ್ತಸಭೆಗಳ ಮಂಡಳಿಯನ್ನು ಸೇರಿದರು.

3. ಸಂವಾದವೆಂಬ ಸಾಹಸ

1970ರಲ್ಲಿ ಲೆಬನಾನಿನ ಅಜಲ್ತೂನಿನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ ಹಾಗೂ ಕ್ರೈಸ್ತ ಪ್ರತಿನಿಧಿಗಳನ್ನು ಒಂದೆಡೆ ಸೇರಿಸಿದ ಸಮಾಲೋಚನೆಯ ಸೂತ್ರಧಾರರು ಸಮರ್ಥರು. ಮರುವರ್ಷ ಮಂಡಳಿಯ ಕೇಂದ್ರ ಸಮಿತಿಯು ಅಡಿಸ್ ಅಬಾಬಾದಲ್ಲಿ ಸಭೆ ಸೇರಿ, ಜೀವಂತ ಧರ್ಮಗಳ ಹಾಗೂ ಸಿದ್ಧಾಂತಗಳ ಜನರೊಡನೆ ಸಂವಾದ ನಡೆಸಲು ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿತು. ಅದರ ಪ್ರಥಮ ನಿರ್ದೇಶಕರಾಗಿ ಸಮರ್ಥರು ಸುಮಾರು ಒಂದು ದಶಕ ದುಡಿದರು. ವಿಭಾಗದ ಹೆಸರಿನಲ್ಲಿ 'ಧರ್ಮಗಳೊಡನೆ' ಎಂದಿರದೆ 'ಧರ್ಮಗಳ ಜನರೊಡನೆ' ಎಂದಿರುವುದು ಕೇವಲ ಶಬ್ದಭೇದವಲ್ಲ. ಧರ್ಮಗಳು ಪರಸ್ಪರ ಮಾತಾಡುವುದಿಲ್ಲ, ಮಾತಾಡುವವರು ಮನುಷ್ಯರು ಎಂಬ ತಿಳಿವಳಿಕೆ ಅದರಲ್ಲಿದೆ.

ಈ ಕಾರ್ಯ ಸುಗಮವಾಗಿರಲಿಲ್ಲ. 1975ರ ನೈರೋಬಿ ಮಹಾಸಭೆಯಲ್ಲಿ ಸಂವಾದವು ಸಮ್ಮಿಶ್ರಧರ್ಮಕ್ಕೆ ದಾರಿಯಾಗುವುದೆಂದೂ ಸುವಾರ್ತೆಯ ಕರ್ತವ್ಯಕ್ಕೆ ದ್ರೋಹವಾಗುವುದೆಂದೂ ಪ್ರಬಲ ಆಕ್ಷೇಪಗಳು ಬಂದವು. ಸಂಬಂಧಿಸಿದ ವರದಿಯನ್ನು ಹಿಂದಕ್ಕೆ ಕಳುಹಿಸಿ, ಪೀಠಿಕೆಯೊಂದನ್ನು ಸೇರಿಸಿದ ಬಳಿಕವೇ ಅಂಗೀಕರಿಸಲಾಯಿತು. 1977ರಲ್ಲಿ ಥಾಯ್‌ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಡೆದ ಸಮಾಲೋಚನೆಯು ಈ ಭಿನ್ನಾಭಿಪ್ರಾಯಗಳನ್ನು ಬಹುಮಟ್ಟಿಗೆ ಶಮನಗೊಳಿಸಿತು. 1979ರಲ್ಲಿ ಮಂಡಳಿಯು ಸಂವಾದದ ಮಾರ್ಗದರ್ಶಿ ಸೂತ್ರಗಳನ್ನು ಒಪ್ಪಿಕೊಂಡಿತು. ಸಮರ್ಥರ 1981ರ ಗ್ರಂಥದ ಹೆಸರು 'ಕರೇಜ್ ಫಾರ್ ಡಯಲಾಗ್'. ಸಂವಾದಕ್ಕೆ ಜಾಣ್ಮೆಗಿಂತ ಧೈರ್ಯ ಅಗತ್ಯವೆಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು.

4. ಚಿಂತನೆಯ ಮುಖ್ಯಾಂಶಗಳು

ಸಮರ್ಥರ ಪ್ರಧಾನ ಕೃತಿ 'ದಿ ಹಿಂದೂ ರೆಸ್ಪಾನ್ಸ್ ಟು ದಿ ಅನ್‌ಬೌಂಡ್ ಕ್ರೈಸ್ಟ್' 1974ರಲ್ಲಿ ಪ್ರಕಟವಾಯಿತು. ರಾಮಮೋಹನ ರಾಯರಿಂದ ಗಾಂಧೀಜಿ ಹಾಗೂ ರಾಧಾಕೃಷ್ಣನ್ನರವರೆಗೆ ಅನೇಕ ಹಿಂದೂಗಳು ಕ್ರಿಸ್ತನನ್ನು ಗೌರವಿಸಿದರು, ಆದರೆ ಕ್ರೈಸ್ತಸಭೆಯ ಸದಸ್ಯತ್ವವನ್ನು ಸ್ವೀಕರಿಸಲಿಲ್ಲ. ಮಿಷನರಿ ದೃಷ್ಟಿಗೆ ಇದು ಅಪೂರ್ಣ ಸ್ವೀಕಾರ. ಸಮರ್ಥರ ದೃಷ್ಟಿಯಲ್ಲಿ ಕ್ರಿಸ್ತನು ಸಭೆಯ ಬೇಲಿಗೆ ಬದ್ಧನಲ್ಲ ಎಂಬುದಕ್ಕೆ ಇದೇ ಸಾಕ್ಷ್ಯ. ರೇಮುಂಡೊ ಪಣಿಕ್ಕರರು 1964ರಲ್ಲಿ ಹಿಂದೂಧರ್ಮದ 'ಅಜ್ಞಾತ ಕ್ರಿಸ್ತ'ನನ್ನು ಕುರಿತು, ಎಂ. ಎಂ. ಥಾಮಸರು 1969ರಲ್ಲಿ ಭಾರತೀಯ ನವೋದಯವು 'ಅಂಗೀಕರಿಸಿದ ಕ್ರಿಸ್ತ'ನನ್ನು ಕುರಿತು ಬರೆದಿದ್ದರು. ಸಮರ್ಥರ 'ಬಂಧಮುಕ್ತ ಕ್ರಿಸ್ತ'ನನ್ನು ಈ ಸಾಲಿನಲ್ಲಿ ಓದಬೇಕು.

ಭಾರತೀಯ ಕ್ರಿಸ್ತಶಾಸ್ತ್ರಕ್ಕೆ ಚೌಕಟ್ಟಾಗಿ ಅವರು ಆರಿಸಿಕೊಂಡದ್ದು ಅದ್ವೈತವನ್ನು. ಸಮಸ್ತ ಜೀವನದ ಏಕತೆಯನ್ನು ಅದು ಕಾಣಿಸುತ್ತದೆ. ಆದರೆ ಇತಿಹಾಸ, ವ್ಯಕ್ತಿ ಮತ್ತು ಸಾಮಾಜಿಕ ಹೊಣೆ ಇವುಗಳಿಗೆ ಶಾಸ್ತ್ರೀಯ ಅದ್ವೈತವು ಸಾಕಷ್ಟು ಅವಕಾಶ ಕೊಡುವುದಿಲ್ಲ, ಆ ಕೊರತೆಯನ್ನು ಕ್ರಿಸ್ತನ ಬದುಕು ಮತ್ತು ಶಿಲುಬೆಯ ಬೆಳಕಿನಲ್ಲಿ ತುಂಬಬೇಕು ಎಂಬುದು ಅವರ ವಾದ. ಉಡುಪಿಯ ನೆರೆಯಲ್ಲಿ ಹುಟ್ಟಿ, ಭೇದವನ್ನು ಸತ್ಯವೆಂದು ಸಾರುವ ಮಧ್ವದರ್ಶನದ ಸೀಮೆಯಲ್ಲಿ ಬೆಳೆದವರು ಅದ್ವೈತವನ್ನು ಆಯ್ದುಕೊಂಡರೆಂಬುದು ಕುತೂಹಲಕರ. ಆಧುನಿಕ ಹಿಂದೂಧರ್ಮವನ್ನು ರಾಧಾಕೃಷ್ಣನ್ನರಂಥ ನವವೇದಾಂತಿಗಳ ಮೂಲಕ ಅಭ್ಯಸಿಸಿದುದು ಇದಕ್ಕೆ ಒಂದು ಕಾರಣವಾಗಿರಬಹುದು. ಕರಾವಳಿಯ ದ್ವೈತ ಪರಂಪರೆಯೊಡನೆ ಕ್ರೈಸ್ತ ದೈವಶಾಸ್ತ್ರವನ್ನು ತುಲನೆ ಮಾಡುವ ಕಾರ್ಯಕ್ಕೆ ಇಲ್ಲಿ ವಿಪುಲ ಅವಕಾಶವಿದೆ.

1991ರ 'ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್' ಗ್ರಂಥದಲ್ಲಿ ಅವರು ಮತ್ತೊಂದು ಹೆಜ್ಜೆ ಮುಂದಿಟ್ಟರು. ಪರಮಸತ್ಯವು ಮೂಲತಃ ರಹಸ್ಯ. ಆ ರಹಸ್ಯಕ್ಕೆ ವಿವಿಧ ಜನಸಮುದಾಯಗಳು ವಿವಿಧ ರೀತಿಯಲ್ಲಿ ಸ್ಪಂದಿಸಿವೆ. ಕ್ರೈಸ್ತನು ಕ್ರಿಸ್ತನಿಗೆ ಸಂಪೂರ್ಣ ನಿಷ್ಠನಾಗಿರಬಹುದು, ಆದರೆ ತನ್ನ ನಿಷ್ಠೆಯ ಮಾನದಂಡವನ್ನು ಇತರರ ಮೇಲೆ ಹೇರಲಾರನು. ಕ್ರಿಸ್ತನ ವಿಶಿಷ್ಟತೆ ಇತರರನ್ನು ಹೊರಗಿಡುವುದರಲ್ಲಿಲ್ಲ, ಅವರೊಡನೆ ಸಂಬಂಧವಿಟ್ಟುಕೊಳ್ಳುವುದರಲ್ಲಿದೆ. ಇದನ್ನು ವಿವರಿಸಲು ಅವರು ಎರಡು ವಾಹನಗಳ ಉಪಮಾನವನ್ನು ಬಳಸಿದ್ದಾರೆ. ಹೆಲಿಕಾಪ್ಟರಿನಂತೆ ಮೇಲಿನಿಂದ ಇಳಿಯುವ ಕ್ರಿಸ್ತಶಾಸ್ತ್ರವು ಎಬ್ಬಿಸುವ ಧೂಳು ಮತ್ತು ಸದ್ದಿನಲ್ಲಿ ಕೆಳಗಿರುವ ಜನರಿಗೆ ಏನೂ ಕಾಣದು, ಕೇಳದು. ಎತ್ತಿನ ಗಾಡಿಯಂತಹ ಕ್ರಿಸ್ತಶಾಸ್ತ್ರದ ಗಾಲಿಗಳು ಏಷ್ಯಾದ ಮಣ್ಣಿನ ಹಾದಿಯನ್ನು ಎಂದೂ ಬಿಡುವುದಿಲ್ಲ. ಮೊದಲನೆಯದು ಯೇಸುವಿನ ದೈವತ್ವದಿಂದ ಹೊರಡುತ್ತದೆ, ಎರಡನೆಯದು ನಜರೇತಿನ ಯೇಸುವಿನ ಮಾನವ ಜೀವನದಿಂದ.

5. ಮರಳಿ ತಾಂಬರಂಗೆ: ಆಕ್ಷೇಪಗಳು

1988ರ ತಾಂಬರಂ ಸಭೆಯಲ್ಲಿ ಸಮರ್ಥರು, 1938ರ ಚರ್ಚೆಯನ್ನು ದಾಟಿ ನೋಡಬೇಕೆಂದು ವಾದಿಸಿದರು. ಹಳೆಯ ಪ್ರಶ್ನೆಯು ವಸಾಹತುಶಾಹಿಯ ಕಾಲದ್ದು. ಇತರ ಧರ್ಮಗಳಿಗೆ ಎಷ್ಟು ಬೆಲೆ ಕಟ್ಟಬೇಕೆಂದು ಕೇಳುವವನು ಬೆಲೆ ಕಟ್ಟುವ ಅಧಿಕಾರವನ್ನು ತನ್ನದೆಂದೇ ಭಾವಿಸಿರುತ್ತಾನೆ. ಬಹುಧರ್ಮೀಯ ಸಮಾಜದಲ್ಲಿ ಕೇಳಬೇಕಾದುದು, ನೆರೆಯವನೊಡನೆ ತಾನು ಹೇಗೆ ಬಾಳಬೇಕು ಎಂದು. ಸಮರ್ಥರ ಚಿಂತನೆಯ ಒಟ್ಟು ಫಲ ಈ ಸ್ಥಾನಪಲ್ಲಟವೇ ಎಂದು ಹೇಳಬಹುದು.

ಅದೇ ಸಂದರ್ಭದಲ್ಲಿ ತಾಂಬರಂನಲ್ಲಿದ್ದ ಲೆಸ್ಲಿ ನ್ಯೂಬಿಗಿನ್ ವಿರುದ್ಧ ಪಕ್ಷವನ್ನು ಪ್ರತಿನಿಧಿಸಿದರು. 1965ರಿಂದ 1974ರವರೆಗೆ ಮದರಾಸಿನ ಬಿಷಪರಾಗಿದ್ದ ಅವರಿಗೂ ಹಿಂದೂ ಸಮಾಜದ ನಿಕಟ ಪರಿಚಯವಿತ್ತು. ಇತಿಹಾಸದಲ್ಲಿ ನಡೆದ ಒಂದು ನಿರ್ದಿಷ್ಟ ಕಾರ್ಯವನ್ನು ಸಮಸ್ತರಿಗಾಗಿ ನಡೆದುದೆಂದು ಹೇಳಲಾಗದಿದ್ದರೆ ಸುವಾರ್ತೆಯಲ್ಲಿ ಉಳಿಯುವುದೇನು ಎಂಬುದು ಅವರ ಆಕ್ಷೇಪದ ತಿರುಳು. ಈ ಆಕ್ಷೇಪವನ್ನು ಸಂಕುಚಿತತೆಯೆಂದು ತಳ್ಳಿಹಾಕಲಾಗದು. 'ರಹಸ್ಯ'ಕ್ಕೆ ಯಾವ ಗುಣವನ್ನೂ ಹೇಳದಿದ್ದರೆ ನ್ಯಾಯ-ಅನ್ಯಾಯಗಳನ್ನು ತೂಗುವ ಅಳತೆಗೋಲು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಅದರೊಳಗಿದೆ.

ಈ ಪ್ರಶ್ನೆಯನ್ನೇ ಬೇರೊಂದು ನೆಲೆಯಿಂದ ದಲಿತ ದೈವಶಾಸ್ತ್ರವು ಎತ್ತಿತು. 1980ರ ದಶಕದಲ್ಲಿ ಅರವಿಂದ ಪಿ. ನಿರ್ಮಲ್ ಬೆಂಗಳೂರಿನಲ್ಲಿ ಆರಂಭಿಸಿ ಚೆನ್ನೈಯ ಗುರುಕುಲ ಲುಥರನ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬೆಳೆಸಿದ ಈ ಚಿಂತನೆಯ ಪ್ರಕಾರ, ಭಾರತೀಯ ಕ್ರೈಸ್ತ ದೈವಶಾಸ್ತ್ರವು ಬಹುಕಾಲ ಬ್ರಾಹ್ಮಣ ಪರಂಪರೆಯೊಡನೆ ಮಾತಾಡುವುದರಲ್ಲೇ ಮಗ್ನವಾಗಿತ್ತು. ಸಭೆಯಲ್ಲಿ ಬಹುಸಂಖ್ಯಾತರಾದ ದಲಿತರ ನೋವು ಅದಕ್ಕೆ ವಸ್ತುವಾಗಲಿಲ್ಲ. ಅದ್ವೈತವನ್ನು ಚೌಕಟ್ಟಾಗಿ ಆರಿಸಿಕೊಂಡ ಸಮರ್ಥರಿಗೂ ಈ ಟೀಕೆ ತಗಲುತ್ತದೆ. ಮಾತುಕತೆಗೆ ಕುಳಿತ ನೆರೆಯವನು ಯಾರು, ಹೊರಗೆ ನಿಂತವನು ಯಾರು ಎಂದು ವಿಚಾರಿಸದ ಸಂವಾದವು ಅಪೂರ್ಣವೇ ಸರಿ.

ಉಪಸಂಹಾರ

ಸಮರ್ಥರು 2001ರ ಜುಲೈ 22ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರ ಪ್ರಮುಖ ಗ್ರಂಥಗಳು ಇಂಗ್ಲಿಷಿನಲ್ಲಿವೆ. ಆದ್ದರಿಂದ ಅವರನ್ನು ಕನ್ನಡ ಅಧ್ಯಯನದ ವ್ಯಾಪ್ತಿಗೆ ತರುವುದು ಸರಿಯೇ ಎಂಬ ಶಂಕೆ ಮೂಡಬಹುದು. ಆದರೆ ಕನ್ನಡ ಅಧ್ಯಯನವು ಭಾಷೆಯಷ್ಟನ್ನೇ ನೋಡದೆ ಆ ಭಾಷೆಯ ಪ್ರದೇಶವು ರೂಪಿಸಿದ ಅನುಭವವನ್ನೂ ನೋಡಬೇಕು. ಕರಾವಳಿಯ ಅಲ್ಪಸಂಖ್ಯಾತ ಸಮುದಾಯವೊಂದರಲ್ಲಿ ಹುಟ್ಟಿದವನಿಗೆ ತನ್ನ ಶ್ರದ್ಧೆಯನ್ನು ಬಿಡದೆ ನೆರೆಯವನ ಶ್ರದ್ಧೆಯನ್ನು ಗೌರವಿಸುವುದು ದಿನನಿತ್ಯದ ಅಗತ್ಯ. ಆ ಅಗತ್ಯವನ್ನು ಸಮರ್ಥರು ಜಾಗತಿಕ ದೈವಶಾಸ್ತ್ರದ ಪ್ರಶ್ನೆಯಾಗಿ ಮಾರ್ಪಡಿಸಿದರು. ಹೊರನಾಡಿನ ಸಂಶೋಧಕರು ಮಂಗಳೂರು ಮತ್ತು ಬೆಂಗಳೂರುಗಳ ದೈವಶಾಸ್ತ್ರೀಯ ಕಾಲೇಜುಗಳ ಗ್ರಂಥಾಲಯಗಳನ್ನೂ ಚೆನ್ನೈಯ ಸಂಸ್ಥೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಅಭ್ಯಾಸ ಕೈಗೊಂಡಲ್ಲಿ, ತಮಿಳು, ತೆಲುಗು ಹಾಗೂ ಕನ್ನಡ ಸೀಮೆಗಳ ಕ್ರೈಸ್ತ ಚಿಂತಕರು ಒಂದೇ ಪ್ರಶ್ನೆಗೆ ನೀಡಿದ ಬೇರೆ ಬೇರೆ ಉತ್ತರಗಳ ತೌಲನಿಕ ಚಿತ್ರವೊಂದು ದೊರೆಯಬಹುದು.