ಒದ್ದೆ ಚರ್ಮ, ಮರದ ಅಚ್ಚು: ಬೆಲ್ಟಿನ ಚೀಲ ಮಾಡುವ ವಿಧಾನ

ಬೆಲ್ಟಿಗೆ ಸಿಕ್ಕಿಸುವ ಚೀಲ ಸಡಿಲವಾಗಿದ್ದರೆ ಬಗ್ಗಿದಾಗ ಮೊಬೈಲೋ ಅಳತೆ ಟೇಪೋ ಜಾರಿ ಬೀಳುತ್ತದೆ. ವಸ್ತುವಿನ ಆಕಾರಕ್ಕೇ ಕೂರುವ ಚೀಲವಾದರೆ ಆ ಭಯವಿಲ್ಲ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಆದರೆ ಚರ್ಮವೇ ನಮ್ಮ ಬಂಡವಾಳ. ಆಯ್ಕೆ ತಪ್ಪಿದರೆ, ಇಲ್ಲವೇ ಆತುರಪಟ್ಟರೆ, ಚರ್ಮವೂ ಹೋಯಿತು, ದಿನದ ದುಡಿಮೆಯೂ ಹೋಯಿತು.

ಯಾವ ಚರ್ಮ? ತೊಗಟೆ, ಕಾಯಿಗಳಿಂದ ಹದ ಮಾಡಿದ್ದೇ ಆಗಬೇಕು. ಕೊಲ್ಹಾಪುರಿ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಚರ್ಮ ಬಳಸುತ್ತಾರಲ್ಲ, ಅಂಥದ್ದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಹಾಗಾಗಿ ಅಲ್ಲಿನ ಕುಶಲಕರ್ಮಿಗಳಿಗೆ ಈ ಚರ್ಮ ಹೊಸದೇನಲ್ಲ. ಇಂಥ ಚರ್ಮದ ನಾರುಗಳು ಒದ್ದೆಯಾದಾಗ ಸಡಿಲಗೊಂಡು ಜರುಗುತ್ತವೆ, ಒಣಗಿದಾಗ ಇದ್ದಲ್ಲೇ ಬಿಗಿಯುತ್ತವೆ. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ ಮೆತ್ತನೆ ಚರ್ಮ ಎಷ್ಟು ಒತ್ತಿದರೂ ರೂಪ ಹಿಡಿಯೋದಿಲ್ಲ. ಕೊಳ್ಳುವಾಗ ಕತ್ತರಿಸಿದ ಅಂಚು ನೋಡಿ: ಒಳಗೆ ನೀಲಿ-ಬೂದು ಬಣ್ಣ ಕಂಡರೆ ಅದು ಕ್ರೋಮ್ ಚರ್ಮ, ಬೇಡ.

ಮಾಡುವ ಕ್ರಮ ಹೀಗೆ:

1. ವಸ್ತುವಿನ ಅಳತೆಗೆ ನುಣುಪಾದ ಮರದ ಅಚ್ಚು ಮಾಡಿಕೊಳ್ಳಿ. ಹಲಗೆಯಲ್ಲಿ ಅದೇ ಆಕಾರದ ಕಿಂಡಿ ಕೊರೆಯಿರಿ. ಕಿಂಡಿ ಸುತ್ತಲೂ ಚರ್ಮದ ದಪ್ಪದಷ್ಟು ದೊಡ್ಡದಿರಲಿ.

2. 2ರಿಂದ 3 ಮಿ.ಮೀ. ದಪ್ಪದ ಚರ್ಮವನ್ನು ಸುತ್ತಲೂ 3 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆಯಿರಿ.

3. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಅಚ್ಚಿನ ಮೇಲೆ ಹಾಸಿ, ಮೇಲಿಂದ ಹಲಗೆ ಒತ್ತಿ ಬಿಗಿಯಿರಿ. ಮೂಲೆಗಳನ್ನು ಬೆರಳು ಅಥವಾ ನುಣುಪಾದ ಮರದ ಕಡ್ಡಿಯಿಂದ ತೀಡಿ. ಉಗುರು ತಾಗಿಸಬೇಡಿ, ಗುರುತು ಹಾಗೇ ಉಳಿಯುತ್ತದೆ. ಕಬ್ಬಿಣದ ಮೊಳೆಯೂ ಬೇಡ, ಒದ್ದೆ ಚರ್ಮ ಕಪ್ಪಾಗುತ್ತದೆ. ಹಿತ್ತಾಳೆ ಮೊಳೆ ಸರಿ.

4. ನೆರಳಲ್ಲಿ, ಗಾಳಿಯಾಡುವ ಕಡೆ ಒಂದೆರಡು ದಿನ ಒಣಗಲು ಬಿಡಿ. ಬೇಗ ಆಗಲಿ ಅಂತ ಒಲೆಯ ಹತ್ತಿರವೋ ಬಿಸಿಲಲ್ಲೋ ಇಟ್ಟರೆ ನಾರು ಮುದುಡಿ ಚರ್ಮ ಬಿರಿಯುತ್ತದೆ.

5. ಚೀಲದ ಬೆನ್ನಿಗೆ ಚಪ್ಪಟೆ ಚರ್ಮ ಬೇಕು. ಬೆಲ್ಟ್ ತೂರಿಸಲು ಅದರಲ್ಲಿ ಎರಡು ಸೀಳು ಮೊದಲೇ ಕೊಯ್ದುಕೊಳ್ಳಿ. ಒಣಗಿದ ಮುಂಭಾಗದ ಅಂಚನ್ನು 1 ಸೆಂ.ಮೀ. ಉಳಿಸಿ ಕತ್ತರಿಸಿ, ಬಾಯಿ ಬಿಟ್ಟು ಉಳಿದ ಮೂರು ಕಡೆ ಮೇಣದ ದಾರದಲ್ಲಿ ಹೊಲಿಯಿರಿ. ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಹೆಚ್ಚಾದರೆ ಚರ್ಮ ಮೆತ್ತಗಾಗಿ ಕಟ್ಟಿದ ರೂಪ ಸಡಿಲಾಗುತ್ತದೆ.

ಹೊಸಬರು ಮೊದಲು ಉಳಿಕೆ ತುಂಡುಗಳಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಅಚ್ಚು ಒಮ್ಮೆ ಮಾಡಿಟ್ಟರೆ ಅದೇ ಅಳತೆಯ ಚೀಲಗಳನ್ನು ಬೇಕಾದಷ್ಟು ಮಾಡಬಹುದು. ಬೆಲೆ ಹೇಳುವಾಗ ಚರ್ಮ, ದಾರದ ಖರ್ಚಿನ ಜೊತೆ ಒತ್ತಿ, ತೀಡಿ, ಹೊಲಿದ ಹೊತ್ತಿನ ಕೂಲಿಯನ್ನೂ ಸೇರಿಸಿ. ಕೈಕೆಲಸಕ್ಕೆ ನಾವೇ ಬೆಲೆ ಕಟ್ಟದಿದ್ದರೆ ಕೊಳ್ಳುವವರು ಕಟ್ಟುತ್ತಾರೆಯೇ?