ಕಾಫಿ ಬೆಳೆಯಲ್ಲಿ ನಾವು ಎಷ್ಟನೆಯವರು?

ಕಾಫಿ ಉತ್ಪಾದನೆಯಲ್ಲಿ ಭಾರತದ ಸ್ಥಾನ ಆರನೆಯದೆಂದು ಒಂದು ಕಡೆ, ಏಳನೆಯದೆಂದು ಇನ್ನೊಂದು ಕಡೆ ಓದುತ್ತೇವೆ. ಯಾವುದು ಸರಿ ಎಂದು ಸದಸ್ಯ ಬಾಂಧವರು ಕೇಳುವುದುಂಟು. ಲೆಕ್ಕ ಯಾರದೆಂಬುದನ್ನು ಮೊದಲು ನೋಡಬೇಕು.

1963ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯು ಸದಸ್ಯ ದೇಶಗಳು ಕಳುಹಿಸುವ ಅಂಕಿಗಳನ್ನು ಆಧರಿಸುತ್ತದೆ. ಅದರ ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗೆ. ಅದರ ಮೂಟೆ ಎಂದರೆ 60 ಕಿಲೋ ಕ್ಲೀನ್ ಕಾಫಿ; ನಾವು ಮಾರುವ 50 ಕಿಲೋ ಚೆರಿ ಮೂಟೆಯಲ್ಲ. ರೋಮಿನಲ್ಲಿರುವ ಆಹಾರ ಮತ್ತು ಕೃಷಿ ಸಂಸ್ಥೆಯು ಟನ್ನುಗಳಲ್ಲಿ ಲೆಕ್ಕವಿಡುತ್ತದೆ. ಅಂಕಿ ಬಾರದ ದೇಶಕ್ಕೆ ತಾನೇ ಅಂದಾಜು ಹಾಕುತ್ತದೆ. ಅಮೆರಿಕದ ಕೃಷಿ ಇಲಾಖೆಯದು ಬೇರೆಯೇ ಅಂದಾಜು. ಆದುದರಿಂದ ಒಂದು ಪಟ್ಟಿಯ ಅಂಕಿಯನ್ನು ಇನ್ನೊಂದರೊಡನೆ ಬೆರೆಸಿ ಹೋಲಿಸಬಾರದು.

‘ಈ ಸಲ ಹೊರದೇಶದಲ್ಲಿ ಭಾರಿ ಬೆಳೆ’ ಎಂಬ ಮಾತಿಗೆ ಹೆದರಿ ಮಾಲು ಕೊಡುವ ಮುನ್ನ, ಯಾವ ಸಂಸ್ಥೆಯ ಲೆಕ್ಕ, ಯಾವ ವರ್ಷದ್ದು, ಅಂದಾಜೋ ಅಂತಿಮವೋ ಎಂದು ವಿಚಾರಿಸಿರಿ.

ನಮ್ಮ ದೇಶದ ಅಂಕಿಯೂ ಮೊದಲು ಅಂದಾಜೇ. ಹೂವಾದ ಮೇಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಕಾಫಿ ಮಂಡಳಿಯು ಅದನ್ನು ಸಿದ್ಧಪಡಿಸುತ್ತದೆ. ಅದರ ಬುಡ ಇರುವುದು ನಮ್ಮ ನಮ್ಮ ತೋಟಗಳಲ್ಲಿ. ಕೇಳಲು ಬಂದವರಿಗೆ ಫಸಲನ್ನು ಇದ್ದಂತೆಯೇ ಹೇಳೋಣ. ನಾವೇ ತಪ್ಪು ಹೇಳಿದರೆ ಆ ತಪ್ಪು ಲಂಡನ್ನಿಗೆ ಹೋಗಿ, ಧಾರಣೆಯ ರೂಪದಲ್ಲಿ ನಮ್ಮ ಕಣಕ್ಕೇ ಮರಳಬಹುದು.