ಬೋರ್ಡ್ ಬದಲಿಸುವ ಮೊದಲು ಬೆಲ್ಟ್ ನೋಡಿ

ಮನೆಯ ಟ್ರೆಡ್‌ಮಿಲ್ ನಿಂತುಹೋದಾಗ ಮೆಕ್ಯಾನಿಕ್ ಬಾಯಲ್ಲಿ ಮೊದಲು ಬರುವ ಮಾತು "ಬೋರ್ಡ್ ಹೋಗಿದೆ". ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕೆಂದು ನಿಯಂತ್ರಿಸುವ ಫಲಕವೇ ಬೋರ್ಡ್. ಮೋಟಾರು ಬಿಟ್ಟರೆ ಯಂತ್ರದಲ್ಲಿ ಅದೇ ದುಬಾರಿ. ಹೊಸದು ಹಾಕಿಸಿದರೆ ಯಂತ್ರ ಮತ್ತೆ ಓಡುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ನಿಲ್ಲುತ್ತದೆ. ಮನೆಯವರು ರೋಸಿಹೋಗಿ ಮೂಲೆಗೆ ತಳ್ಳುತ್ತಾರೆ, ಇಲ್ಲವೇ ಗುಜರಿಗೆ ಹಾಕುತ್ತಾರೆ. ಬೋರ್ಡ್ ಸುಟ್ಟಿರುವುದು ನಿಜವೇ ಇರಬಹುದು. ಆದರೆ ಅದನ್ನು ಸುಟ್ಟದ್ದು ಯಾವುದು ಎಂದು ಕೇಳದೆ ಹೊಸದನ್ನು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬಹಳಷ್ಟು ಸಲ ತಪ್ಪಿತಸ್ಥ ಜಾಗ ಬೆಲ್ಟಿನ ಅಡಿಯಲ್ಲಿರುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಯ ಧೂಳು ಮತ್ತು ಬಿಸಿಲಿನಲ್ಲಂತೂ ಆ ಜಾಗ ಬೇಗ ಕೆಡುತ್ತದೆ. ಈ ಸೀಮೆಯಲ್ಲಿ ಟ್ರೆಡ್‌ಮಿಲ್ ರಿಪೇರಿ ಬೆಲ್ಟಿನಿಂದ ಶುರುವಾಗಬೇಕು ಎನ್ನುವುದು ನನ್ನ ವಾದ.

ಲೆಕ್ಕ ಕಷ್ಟದ್ದಲ್ಲ. ನಾವು ಕಾಲಿಡುವ ಬೆಲ್ಟ್ ಒಂದು ಹಲಗೆಯ ಮೇಲೆ ಜಾರುತ್ತದೆ. ನಮ್ಮ ತೂಕವೆಲ್ಲ ಬೆಲ್ಟನ್ನು ಆ ಹಲಗೆಗೆ ಒತ್ತುತ್ತದೆ. 80 ಕಿಲೋ ತೂಕದವರೊಬ್ಬರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಿದ್ದಾರೆ, ಘರ್ಷಣಾಂಕ 0.2 ಇದೆ ಎಂದುಕೊಳ್ಳಿ. ಆ ಜಾರಾಟವೊಂದಕ್ಕೇ ಸುಮಾರು 220 ವಾಟ್ ಬೇಕು. ಬೆಲ್ಟಿಗೂ ಹಲಗೆಗೂ ನಡುವಿನ ಎಣ್ಣೆ ಒಣಗಿ ಘರ್ಷಣಾಂಕ 0.4ಕ್ಕೆ ಏರಿದರೆ ಬೇಕಾದದ್ದು 440 ವಾಟ್. ಮನೆಯ ಟ್ರೆಡ್‌ಮಿಲ್‌ಗಳಲ್ಲಿ ಸಾಮಾನ್ಯವಾಗಿರುವ ಡಿ.ಸಿ. ಮೋಟಾರಿನಲ್ಲಿ ಎಳೆತ ದುಪ್ಪಟ್ಟಾದರೆ ಕರೆಂಟೂ ದುಪ್ಪಟ್ಟಾಗುತ್ತದೆ. ಕರೆಂಟ್ ದುಪ್ಪಟ್ಟಾದರೆ ಸುರುಳಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಬೋರ್ಡಿನ ಮೇಲಿರುವ, ಮೋಟಾರಿನ ಕರೆಂಟನ್ನೆಲ್ಲ ಹೊರುವ ಟ್ರಾನ್ಸಿಸ್ಟರ್‌ಗಳ ಪಾಡೂ ಹೆಚ್ಚುಕಡಿಮೆ ಅದೇ. ಬೆಲ್ಟಿನಡಿಯ ಒಣಕಲು ಹೀಗೆ ಮೋಟಾರು ದಾಟಿ ಬೋರ್ಡ್ ಮುಟ್ಟುತ್ತದೆ, ಮೊದಲು ಸುಡುವುದು ಕೊನೆಯಲ್ಲಿರುವ ಬೋರ್ಡೇ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿರುವುದಿಲ್ಲ. ನಿಧಾನವಾಗಿ ನಡೆದರೆ ಯಂತ್ರಕ್ಕೆ ಆರಾಮ ಎಂಬ ನಂಬಿಕೆ ಇದೆ. ವೇಗ ಇಳಿದರೂ ತೂಕದ ಒತ್ತಡ ಇಳಿಯುವುದಿಲ್ಲ, ಎಳೆತ ಹಾಗೇ ಉಳಿಯುತ್ತದೆ. ಆದರೆ ಮೋಟಾರಿನ ಅಕ್ಷಕ್ಕೇ ಕೂರಿಸಿದ ಫ್ಯಾನ್ ಮಾತ್ರ ನಿಧಾನವಾಗಿ ತಿರುಗಿ ಗಾಳಿ ಕಡಿಮೆಯಾಗುತ್ತದೆ. ಮಂಡಿನೋವಿನ ಹಿರಿಯರು ಮುಕ್ಕಾಲು ಗಂಟೆ ಮೆಲ್ಲಗೆ ನಡೆಯುವ ಮನೆಯಲ್ಲಿ ಒಣ ಬೆಲ್ಟ್ ಮಾಡುವ ಹಾನಿ, ಯುವಕನೊಬ್ಬ ಹತ್ತು ನಿಮಿಷ ಓಡಿ ಇಳಿಯುವ ಮನೆಗಿಂತ ಹೆಚ್ಚು.

ಇನ್ನು ಧೂಳು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಓಡಾಡುವ ರಸ್ತೆಗಳ ಪಕ್ಕದ ಮನೆಗಳಲ್ಲಿ ಕಿಟಕಿಯ ಸರಳು, ಗಿಡದ ಎಲೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೆಂಪು ಪುಡಿ ಕೂರುತ್ತದೆ. ಇದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಇದೇ ಆಕ್ಸೈಡಿನ ನಯವಾದ ಕೆಂಪು ಪುಡಿಯಿಂದ ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡುತ್ತಾರೆ. ಲೋಹವನ್ನೇ ಉಜ್ಜುವ ಪುಡಿ ಅದು. ಬೆಲ್ಟಿನ ಅಂಚಿನಿಂದ ಒಳಸೇರಿದ ಆ ಪುಡಿ, ತೂಕದ ಕೆಳಗೆ, ಸಾವಿರಾರು ಹೆಜ್ಜೆಗಳ ಕಾಲ ಹಲಗೆಯ ನುಣುಪು ಪದರವನ್ನು ಉಜ್ಜುತ್ತಲೇ ಇರುತ್ತದೆ. ಇತ್ತ ಮೋಟಾರಿನ ಮುಚ್ಚಳದೊಳಗೆ ಫ್ಯಾನ್ ಎಳೆದುಕೊಂಡ ಧೂಳು ಬೋರ್ಡಿನ ಶಾಖ ಹೊರಹಾಕಬೇಕಾದ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಪದರಗಟ್ಟುತ್ತದೆ. ಬೇಸಿಗೆಯಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಹಡಿಯ ಮೇಲಿನ ತಗಡಿನ ಶೀಟಿನ ಕೋಣೆಯಲ್ಲಿ ಯಂತ್ರ ಇಟ್ಟವರು, ತಂಪಾಗಿಸಲೆಂದು ಇರುವ ಫ್ಯಾನ್ ಎಳೆದುಕೊಳ್ಳುವುದೇ ಆ ಕಾದ ಗಾಳಿಯನ್ನು ಎಂಬುದನ್ನು ನೆನಪಿಡಬೇಕು. ತಿಂಗಳಿಗೊಮ್ಮೆ ಯಂತ್ರದ ಅಡಿ ಗುಡಿಸುವುದು, ವರ್ಷಕ್ಕೆ ಎರಡು ಸಲವಾದರೂ ಮುಚ್ಚಳ ತೆಗೆದು ವ್ಯಾಕ್ಯೂಮ್‌ನಿಂದ ಧೂಳು ಎಳೆಯುವುದು ಈ ಊರುಗಳಲ್ಲಿ ಬೇಕೇಬೇಕು. ಪ್ಲಗ್ ಕಿತ್ತ ಮೇಲೂ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹತ್ತು ನಿಮಿಷವಾದರೂ ಕಾದು ಮುಚ್ಚಳ ತೆಗೆಯಿರಿ. ಬೋರ್ಡಿಗೆ ಕೈ ತಾಗಿಸಬೇಡಿ.

ಬೆಲ್ಟ್ ಒಣಗಿದೆಯೇ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಪ್ಲಗ್ ಕಿತ್ತು, ಬೆಲ್ಟಿನ ಅಂಚನ್ನು ಮೇಲೆತ್ತಿ, ನಡುಭಾಗದವರೆಗೆ ಕೈ ತೂರಿಸಿ. ಕಾಲು ಬೀಳುವ ಆ ಜಾಗದಲ್ಲಿ ಬೆರಳಿಗೆ ತೆಳ್ಳಗೆ ಎಣ್ಣೆಯ ಜಿಡ್ಡು ತಗುಲಿದರೆ ಸರಿ. ಒಣ ಬಟ್ಟೆಯಂತೆ ಸಿಕ್ಕಿದರೆ ಎಣ್ಣೆ ಬೇಕು. ಕೆಂಪು ಅಥವಾ ಕಪ್ಪು ಪುಡಿ ಅಂಟಿ ಬಂದರೆ ಮೊದಲು ನಾರು ಬಿಡದ ಒಣ ಬಟ್ಟೆಯನ್ನು ಬೆಲ್ಟಿನಡಿ ಅಡ್ಡಲಾಗಿ ತೂರಿಸಿ, ಎರಡೂ ತುದಿ ಹಿಡಿದು ಹಲಗೆಯುದ್ದಕ್ಕೂ ಎಳೆದು ಒರೆಸಬೇಕು. ಧೂಳಿನ ಮೇಲೇ ಎಣ್ಣೆ ಸುರಿದರೆ ಉಜ್ಜುವ ಲೇಪ ತಯಾರಾಗುತ್ತದೆ. ಹಾಕಬೇಕಾದದ್ದು ಶುದ್ಧ ಸಿಲಿಕೋನ್ ಎಣ್ಣೆ, ಹೆಚ್ಚೆಂದರೆ 15ರಿಂದ 30 ಮಿಲಿಲೀಟರ್. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಕೆಲವು ಅಂಟುಗಟ್ಟುತ್ತವೆ, ಕೆಲವು ಬೆಲ್ಟಿನ ಪದರವನ್ನೇ ತಿನ್ನುತ್ತವೆ. ಎಣ್ಣೆ ಹಾಕಿದ ಮೇಲೆ ಕಡಿಮೆ ವೇಗದಲ್ಲಿ ಮೂರ್ನಾಲ್ಕು ನಿಮಿಷ ನಡೆದರೆ ಅದು ಹರಡಿಕೊಳ್ಳುತ್ತದೆ. ದಿನವೂ ಬಳಸುವ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಎನ್ನುವುದು ಸಾಮಾನ್ಯ ಲೆಕ್ಕ, ಧೂಳಿನ ಮನೆಯಲ್ಲಿ ತಿಂಗಳಿಗೊಮ್ಮೆ ಕೈ ತೂರಿಸಿ ನೋಡುವುದು ಅದಕ್ಕಿಂತ ನಂಬಿಕೆಯ ಲೆಕ್ಕ. ಕಂಪನಿಯಲ್ಲೇ ಮೇಣ ಹಚ್ಚಿದ ಹಲಗೆಗಳಿಗೆ ಸಿಲಿಕೋನ್ ಬೇಡ ಎಂದು ಕೈಪಿಡಿಯಲ್ಲಿದ್ದರೆ ಆ ಮಾತೇ ನಡೆಯಬೇಕು. ಬೆಲ್ಟಿನ ಒಳಮೈಯ ನೇಯ್ಗೆ ಸವೆದು ಗಾಜಿನಂತೆ ಹೊಳೆಯುತ್ತಿದ್ದರೆ ಎಣ್ಣೆಯಿಂದ ಏನೂ ಆಗದು, ಬೆಲ್ಟ್ ಬದಲಿಸಬೇಕು. ಎರಡೂ ಮುಖಕ್ಕೆ ಪದರವಿರುವ ಹಲಗೆಯಾದರೆ ಆಗಲೇ ತಿರುಗಿಸಿ ಹಾಕಿಕೊಳ್ಳಬಹುದು.

"ಇದನ್ನೆಲ್ಲ ತಿಳಿದವರು ಬೆಂಗಳೂರಿನಲ್ಲಿದ್ದಾರೆ, ನಮ್ಮೂರಲ್ಲಿ ಯಾರಿದ್ದಾರೆ?" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟ್ರೆಡ್‌ಮಿಲ್ ಎಂದರೆ ಎರಡು ರೋಲರ್‌ಗಳ ನಡುವಿನ ಪುಟ್ಟ ಕನ್ವೇಯರ್. ದೋಣಿಮಲೈ ಗಣಿಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಸಾಗಿಸುವ ಬೆಲ್ಟುಗಳನ್ನು ನೋಡಿಕೊಳ್ಳುವ ಫಿಟ್ಟರ್‌ಗಳು ದಿನವೂ ಮಾಡುವ ಕೆಲಸವೇ ಇದು: ಬೆಲ್ಟ್ ಒಂದು ಬದಿಗೆ ಸರಿದರೆ ರೋಲರನ್ನು ಕೂದಲೆಳೆಯಷ್ಟು ಓರೆಮಾಡಿ ಮಧ್ಯಕ್ಕೆ ತರುವುದು. ಟ್ರೆಡ್‌ಮಿಲ್‌ನಲ್ಲಿ ಹಿಂದಿನ ರೋಲರಿನ ಎರಡು ಬದಿಗೂ ಅಲನ್ ಕೀ ಬೋಲ್ಟುಗಳಿರುತ್ತವೆ. ಬೆಲ್ಟ್ ಬಲಕ್ಕೆ ಸರಿಯುತ್ತಿದ್ದರೆ ಬಲಗಡೆಯದನ್ನು ಕಾಲು ಸುತ್ತು ಬಿಗಿ ಮಾಡಬೇಕು, ಎಡಕ್ಕಾದರೆ ಎಡಗಡೆಯದನ್ನು. ಯಂತ್ರವನ್ನು ನಿಧಾನವಾಗಿ ಓಡಿಸಿ, ಒಂದೆರಡು ನಿಮಿಷ ನೋಡಿ, ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ಕಾಲಿಟ್ಟಾಗ ಬೆಲ್ಟ್ ತಡೆದು ನಿಂತು ಮುಂದಿನ ರೋಲರ್ ಮಾತ್ರ ತಿರುಗುತ್ತಿದ್ದರೆ ಬೆಲ್ಟ್ ಸಡಿಲ. ರೋಲರೂ ನಿಂತು ಮೋಟಾರು ಮಾತ್ರ ತಿರುಗುತ್ತಿದ್ದರೆ ಮೋಟಾರಿನಿಂದ ರೋಲರಿಗೆ ಹೋಗುವ ಸಣ್ಣ ಬೆಲ್ಟ್ ಸಡಿಲ. ಇಲ್ಲಿ ಆಗುವ ದೊಡ್ಡ ತಪ್ಪು ಎಲ್ಲದಕ್ಕೂ ಬಿಗಿ ಮಾಡುತ್ತಾ ಹೋಗುವುದು. ನಡುವೆ ಐದಾರು ಸೆಂಟಿಮೀಟರ್ ಮೇಲೆತ್ತಲು ಬಾರದಷ್ಟು ಬಿಗಿದ ಬೆಲ್ಟ್ ರೋಲರಿನ ಬೇರಿಂಗುಗಳನ್ನು ತಿನ್ನುತ್ತದೆ, ಮೋಟಾರಿಗೆ ಒಣ ಬೆಲ್ಟಿನಷ್ಟೇ ಹೊರೆಯಾಗುತ್ತದೆ. ಇನ್ನು ಭತ್ತ, ಕಬ್ಬಿನ ಕಂಪ್ಲಿಯಲ್ಲಿ ಪಂಪ್‌ಸೆಟ್ ಮೋಟಾರು ಬಿಚ್ಚಿ ಕಟ್ಟುವ ರಿವೈಂಡಿಂಗ್ ಅಂಗಡಿಯವರಿಗೆ ಬೇರಿಂಗಿನ ಸದ್ದು ಅಪರಿಚಿತವಲ್ಲ, ಡಿ.ಸಿ. ಮೋಟಾರಿನ ಕಾರ್ಬನ್ ಬ್ರಷ್ ಬದಲಿಸುವುದೂ ಅವರ ಕೈಗೆ ಹೊಸದಾಗದು.

ಬೋರ್ಡ್ ತಾನಾಗಿ ಹೋಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಬೋರ್ಡುಗಳಿಗೆ ಬೆಲ್ಟ್ ಹೊಣೆಯಲ್ಲ. ಮೋಡ ಕಟ್ಟಿದಾಗ ಪ್ಲಗ್ ಕಿತ್ತಿಡುವುದೇ ಅದಕ್ಕೆ ಉಪಾಯ. ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಯಂತ್ರ ಓಡಿಸುವುದೂ ಕೇಡು, ಗೋಡೆಯ 16 ಆಂಪಿಯರ್ ಸಾಕೆಟ್ಟೇ ಬೇಕು. ಹಂಪಿ ಸುತ್ತಿನ ಬಂಡೆನೆಲದಲ್ಲಿ ಅರ್ಥಿಂಗ್ ಸಹಜವಾಗಿಯೇ ದುರ್ಬಲವಾಗಿರುತ್ತದೆ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಇನ್ನಷ್ಟು. ಹಿಡಿಕೆ ಮುಟ್ಟಿದಾಗ ಜುಮ್ಮೆಂದರೆ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಅಳೆಸಬೇಕು. ಹಾಗಾದರೆ ಸುಟ್ಟ ಬೋರ್ಡಿನ ಕಾರಣ ತಿಳಿಯುವುದು ಹೇಗೆ? ಬೆಲ್ಟ್ ಕೈಯಲ್ಲಿ ಹಗುರವಾಗಿ ಜಾರುತ್ತಿದ್ದು, ಮಳೆಗಾಳಿಯ ದಿನವೇ ಯಂತ್ರ ಸತ್ತಿದ್ದರೆ ಅನುಮಾನ ವೋಲ್ಟೇಜ್ ಮೇಲೆ. ವಾರಗಳಿಂದ ನಡುನಡುವೆ ನಿಲ್ಲುತ್ತಾ, ಸುಟ್ಟ ವಾಸನೆ ಬರುತ್ತಾ ಸತ್ತಿದ್ದರೆ ಬೆಲ್ಟ್ ಮೇಲೆ.

"ಓಡುತ್ತಿದೆಯಲ್ಲ, ಸುಮ್ಮನೆ ಯಾಕೆ ಮುಟ್ಟಬೇಕು?" ಎಂಬುದು ಮತ್ತೊಂದು ಆಕ್ಷೇಪ. ಈ ಪ್ರಶ್ನೆಗೆ ಹೊಸಪೇಟೆಯವರಿಗೆ ಉತ್ತರ ಗೊತ್ತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿನ ಗೋಡೆಗೆ ಏನೂ ಆಗಿರಲಿಲ್ಲ; ಕೈಕೊಟ್ಟದ್ದು ಹೊರೆ ಹೊತ್ತು ಚಲಿಸುವ ಭಾಗ. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಗೇಟು (ಸ್ಟಾಪ್‌ಲಾಗ್) ಇಳಿಸುವವರೆಗೆ ತುಂಬಿದ ಜಲಾಶಯದ ನೀರು ನದಿಪಾಲಾಯಿತು. ಗೇಟಿಗೂ ಮನೆಯ ಯಂತ್ರಕ್ಕೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ, ಆದರೆ ಚಲಿಸುವ ಭಾಗದ ಸವೆತ ಹೊರಗೆ ಕಾಣದೆಯೇ ನಡೆಯುತ್ತದೆ ಎಂಬ ನಿಯಮ ಎರಡಕ್ಕೂ ಒಂದೇ. ಕಾಲುವೆ ದಂಡೆಯ ಮೇಲೆ ನಡೆದರಾಯಿತು, ಯಂತ್ರವೇ ಯಾಕೆ ಎನ್ನುವವರಿಗೆ ನನ್ನ ತಕರಾರಿಲ್ಲ. ಆದರೆ ಲಾರಿಯ ಧೂಳಿನ ರಸ್ತೆಬದಿಯ ಮನೆಯವರಿಗೆ, ಕತ್ತಲಲ್ಲಿ ಹೊರಬರಲು ಅಂಜುವ ಹೆಣ್ಣುಮಕ್ಕಳಿಗೆ, ವೈದ್ಯರು ದಿನವೂ ನಡೆಯಿರಿ ಎಂದು ಹೇಳಿದ ಸಕ್ಕರೆ ಕಾಯಿಲೆಯವರಿಗೆ ಯಂತ್ರ ಶೋಕಿಯಲ್ಲ.

ರಿಪೇರಿ ದುಬಾರಿ, ಹೊಸದೇ ಮೇಲು ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ, ಏಕೆಂದರೆ ಕಾರಣ ಹುಡುಕದೆ ಎರಡು ಸಲ ಬೋರ್ಡ್ ಹಾಕಿಸಿದವರಿಗೆ ಅದು ನಿಜವೇ ಆಗಿರುತ್ತದೆ. ಆದ್ದರಿಂದ ಹಣ ಕೊಡುವ ಮೊದಲು ಕೇಳಬೇಕಾದದ್ದು ಅಳತೆ. ಡಿ.ಸಿ. ಅಳೆಯುವ ಕ್ಲಾಂಪ್ ಮೀಟರನ್ನು ಮೋಟಾರಿನ ಒಂದು ವೈರಿಗೆ ಹಾಕಿ, ಒಬ್ಬರು ನಡೆಯುವಾಗ ಎಷ್ಟು ಕರೆಂಟ್ ಎಳೆಯುತ್ತದೆಂದು ನೋಡಿ, ಮೋಟಾರಿನ ಚೀಟಿಯ ಮೇಲಿನ ಅಂಕಿಗೆ ಹೋಲಿಸಿದರೆ ವಿಷಯ ಸ್ಪಷ್ಟ. ಹೊಸ ಬೋರ್ಡ್ ಹಾಕಿದ ದಿನವೂ ಅದೇ ಅಳತೆ ಆಗಬೇಕು. ಮಿತಿ ಮೀರಿದ್ದರೆ ಮೆಕ್ಯಾನಿಕ್ ಬೆಲ್ಟಿಗೆ ಮರಳಲಿ. ಗ್ಯಾರಂಟಿ ಹೋಗುತ್ತದೆ ಎಂಬ ಭಯವೂ ಬೇಡ: ಒರೆಸುವುದು, ಎಣ್ಣೆ, ಬೆಲ್ಟಿನ ಬಿಗಿ ಇವು ಬಳಸುವವರೇ ಮಾಡಬೇಕಾದ ಕೆಲಸವೆಂದು ಸಾಮಾನ್ಯವಾಗಿ ಕೈಪಿಡಿಯಲ್ಲೇ ಇರುತ್ತದೆ. ರಿಪೇರಿಯ ನಂತರ ಸುರಕ್ಷತಾ ಕೀ ಎಳೆದರೆ ಬೆಲ್ಟ್ ನಿಲ್ಲುತ್ತದೆಯೇ ಎಂದು ನೋಡಿ, ಬಳಸದಾಗ ಅದನ್ನು ಮಕ್ಕಳಿಗೆ ಸಿಗದಂತೆ ತೆಗೆದಿಡಿ. ಒಂದು ಮಗು ಸತ್ತ ಮೇಲೆ 2021ರ ಮೇನಲ್ಲಿ ಅಮೆರಿಕದಲ್ಲಿ ಪೆಲೊಟಾನ್ ಕಂಪನಿ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ವಾಪಸ್ ಕರೆಯಬೇಕಾಯಿತು. ಹಲಗೆ ಬಿರುಕು ಬಿಟ್ಟು, ಆ ಮಾಡೆಲಿನ ಬೆಲ್ಟೂ ಬೋರ್ಡೂ ಸಿಗದಂತಾದರೆ ಮಾತ್ರ ಯಂತ್ರದ ಆಸೆ ಬಿಡಬಹುದು. ಆಗಲೂ ಇಡಿಯಾಗಿ ತೂಕಕ್ಕೆ ಹಾಕಬೇಡಿ. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿದ್ಯುತ್ ಭಾಗಗಳಿರುವ ಕ್ರೀಡಾ ಸಲಕರಣೆಗಳೂ ಇವೆ, ಬೋರ್ಡ್, ಕನ್ಸೋಲ್‌ಗಳು ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಮೋಟಾರು, ರೋಲರ್‌ಗಳು ಚೆನ್ನಾಗಿದ್ದರೆ ಬಿಚ್ಚಿಸಿ ಮೆಕ್ಯಾನಿಕ್‌ಗೇ ಕೊಡಿ, ಅದೇ ಮಾಡೆಲ್ ಇರುವ ಇನ್ನೊಂದು ಮನೆಗೆ ಆಗುತ್ತವೆ.